ಮನೆಯಲ್ಲೇ ಎಲೆಕ್ಟ್ರಿಕ್ ಗೋ-ಕಾರ್ಟ್: ಕಟ್ಟಿದವರು ಹೇಳಿದ್ದು

ಕೇಳಿದವರು, ಬೆಳಗಾವಿಯಿಂದ:

ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ಮೂವರು ಗೆಳೆಯರು ಸೇರಿ ಬ್ಯಾಟರಿ ಗೋ-ಕಾರ್ಟ್ ಕಟ್ಟಬೇಕು ಅಂತಿದ್ದೇವೆ. ಬ್ರಷ್‌ಲೆಸ್ ಮೋಟಾರೇ (ಒಳಗೆ ಕಾರ್ಬನ್ ಬ್ರಷ್ ಇಲ್ಲದ್ದು) ಹಾಕುವುದು ಅಂತ ಗಟ್ಟಿ ಮಾಡಿದ್ದೇವೆ. ಹಿಂದಿನ ಎರಡು ಚಕ್ರಕ್ಕೆ ಎರಡು ಹಬ್ ಮೋಟಾರ್ (ಚಕ್ರದೊಳಗೇ ಕೂತಿರುವ ಮೋಟಾರ್) ಹಾಕುವುದೋ, ಒಂದೇ ಮೋಟಾರಿಗೆ ಚೈನ್ ಹಾಕಿ ಎಳೆಸುವುದೋ? ಬ್ಯಾಟರಿ ಎಂಥದ್ದು ಬೇಕು? ಓಡಿಸಲು ದೊಡ್ಡಪ್ಪನ ಹೊಲದಲ್ಲಿ ದೊಡ್ಡ ಕಣ ಇದೆ. ಕಟ್ಟಿದವರು ದಯವಿಟ್ಟು ಹೇಳಿ.

ಉದ್ಯಮಬಾಗದಿಂದ:

ನಾನು ಲೇಥ್ ಕೆಲಸದವನು. ಮಗನಿಗಾಗಿ ಒಂದು ಕಟ್ಟಿದ್ದೇನೆ. ಚೈನ್ ಹಾಕಿ ಅಂತಲೇ ಹೇಳುತ್ತೇನೆ. ಆದರೆ ಮೋಟಾರ್ ಕೊಳ್ಳುವ ಮೊದಲು ಸ್ಪ್ರಾಕೆಟಿನ (ಚೈನ್ ಕೂರುವ ಚಕ್ರ) ಹಲ್ಲಿನ ಲೆಕ್ಕ ಹಾಕಿ. ನಾನು ಅದನ್ನು ಬಿಟ್ಟು ಒಂದು ಕಂಟ್ರೋಲರ್ (ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟು ನಿಯಂತ್ರಿಸುವ ಪೆಟ್ಟಿಗೆ) ಕಳೆದುಕೊಂಡೆ.

ಇ-ರಿಕ್ಷಾಕ್ಕೆ ಬರುವಂಥ 48 ವೋಲ್ಟ್, 1000 ವ್ಯಾಟ್ ಮೋಟಾರ್ ತಂದಿದ್ದೆ. ಸುತ್ತು ನಿಮಿಷಕ್ಕೆ 3000. ಕೈಗೆ ಸಿಕ್ಕಿದ್ದು ಅಂತ ಮೋಟಾರಿಗೆ 20 ಹಲ್ಲಿನ ಸ್ಪ್ರಾಕೆಟ್, ಆ್ಯಕ್ಸಲ್‌ಗೆ 40 ಹಲ್ಲಿನದು ಹಾಕಿದೆ. ಹಿಂದಿನ ಚಕ್ರ ಎತ್ತಿಟ್ಟು ಆಕ್ಸಲರೇಟರ್ ಒತ್ತಿದರೆ ಗಾಳಿ ಬೀಸುವ ಹಾಗೆ ತಿರುಗಿತು. ಮನೆಯವರೆಲ್ಲ ಖುಷಿ. ನೆಲಕ್ಕಿಳಿಸಿ ನಾನು ಕೂತೆ ನೋಡಿ, ಗುಂಯ್ ಅಂತ ಸದ್ದು ಮಾತ್ರ. ಗಾಡಿ ಇಂಚಿಂಚೇ ಸರಿಯಿತು. ಮತ್ತೆ ಮತ್ತೆ ಒತ್ತಿದೆ. ಹತ್ತು ನಿಮಿಷಕ್ಕೆ ಸುಟ್ಟ ವಾರ್ನಿಶ್ ವಾಸನೆ ಬಂತು. ಮೋಟಾರಿನ ಹಸಿರು ವೈರಿನ ಪ್ಲಾಸ್ಟಿಕ್ ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು. ಕಂಟ್ರೋಲರ್ ಮತ್ತೆ ಎದ್ದೇಳಲೇ ಇಲ್ಲ.

ಯಾಕೆ ಹೀಗಾಯಿತು ಅಂದರೆ, ಮೋಟಾರ್ ಓಡುವಾಗ ತಾನೇ ಒಂದಿಷ್ಟು ವೋಲ್ಟೇಜ್ ಹುಟ್ಟಿಸಿಕೊಂಡು ಬ್ಯಾಟರಿಗೆ ಎದುರು ನಿಲ್ಲುತ್ತದೆ. ಅದರಿಂದ ಕರೆಂಟು ಹಿಡಿತದಲ್ಲಿರುತ್ತದೆ. ನಿಂತಲ್ಲೇ ನಿಂತ ಮೋಟಾರಿಗೆ ಆ ತಡೆ ಇಲ್ಲ. ಒಳಗೆ ಹೋದ ಕರೆಂಟೆಲ್ಲ ಬಿಸಿಯಾಗಿ ಹೋಗುತ್ತದೆ.

ಲೆಕ್ಕ ಚಕ್ರದಿಂದ ಶುರು ಮಾಡಿ. ನನ್ನದು 10 ಇಂಚಿನ ಚಕ್ರ, ಒಂದು ಸುತ್ತಿಗೆ ಸುಮಾರು 80 ಸೆಂ.ಮೀ. ಹೋಗುತ್ತದೆ. ಗಂಟೆಗೆ 30 ಕಿ.ಮೀ. ಅಂದರೆ ನಿಮಿಷಕ್ಕೆ 500 ಮೀಟರ್. ಚಕ್ರ 625 ಸುತ್ತು ಸುತ್ತಬೇಕು. 3000ವನ್ನು 625ರಿಂದ ಭಾಗಿಸಿದರೆ 4.8. ಈಗ ಮೋಟಾರಿಗೆ 11 ಹಲ್ಲು, ಆ್ಯಕ್ಸಲ್‌ಗೆ 52 ಹಲ್ಲು ಇದೆ, 4.7 ಆಯಿತು. ಹಳೆಯ 20ಕ್ಕೆ 40 ಹಲ್ಲು, ಅಂದರೆ 2ರ ಲೆಕ್ಕದಲ್ಲಿ ಗಾಡಿ 70 ಕಿ.ಮೀ. ದಾಟಬೇಕಿತ್ತು. 1000 ವ್ಯಾಟಿಗೆ ಅದು ಎಲ್ಲಿ ಸಾಧ್ಯ? ಹಲ್ಲು ಬದಲಿಸಿದ ಮೇಲೆ ಅದೇ ಮೋಟಾರ್ ನನ್ನನ್ನೂ ಮಗನನ್ನೂ ಒಟ್ಟಿಗೆ ಎಳೆದುಕೊಂಡು ಹೋಗುತ್ತದೆ. ಸಂಜೆ ಕೈಯಿಟ್ಟು ನೋಡಿದರೆ ಮೋಟಾರ್ ಬೆಚ್ಚಗಿರುತ್ತದೆ, ಅಷ್ಟೇ.

ಆ್ಯಕ್ಸಲ್ 25 ಮಿ.ಮೀ. ಇರಲಿ. ಅದಕ್ಕೆ ಯುಸಿಪಿ 205 ಬೇರಿಂಗ್ ಸರಿಯಾಗಿ ಕೂರುತ್ತದೆ, ಎಲ್ಲ ಕಡೆ ಸಿಗುತ್ತದೆ. ಮೋಟಾರ್ ಕೂರಿಸುವ ಪ್ಲೇಟಿನಲ್ಲಿ ದುಂಡು ತೂತು ಬೇಡ, ಉದ್ದನೆ ಸೀಳು ಹಾಕಿಸಿ. ಚೈನ್ ಸಡಿಲಾದಾಗ ಎಳೆದು ಬಿಗಿ ಮಾಡಲು ಬೇಕು. ಚೈನಿಗೆ ತಗಡಿನ ಮುಚ್ಚಳ ಬೇಕೇ ಬೇಕು. ಮಕ್ಕಳ ಬೆರಳು, ಓಢಣಿ ಎಲ್ಲ ಅಲ್ಲೇ ಇರುತ್ತವೆ.

ಬಾಗಲಕೋಟೆ ನವನಗರದಿಂದ:

ನಾನು ಎರಡು ಹಬ್ ಮೋಟಾರ್ ಹಾಕಿದ್ದೇನೆ, ಚೆನ್ನಾಗಿ ಓಡುತ್ತಿದೆ. ಚೈನ್ ಇಲ್ಲ, ಎಣ್ಣೆ ಇಲ್ಲ. ತಿರುವಿನಲ್ಲಿ ಒಳಗಿನ ಚಕ್ರ ನಿಧಾನ, ಹೊರಗಿನದು ಜೋರು, ತಾವೇ ಹೊಂದಿಕೊಳ್ಳುತ್ತವೆ. ಒಂದೇ ಆ್ಯಕ್ಸಲ್ ಇದ್ದರೆ ಎರಡೂ ಚಕ್ರ ಒಂದೇ ಸುತ್ತಿನಲ್ಲಿ ತಿರುಗಿ ನೆಲ ಕೆರೆಯುತ್ತವೆ ಅಲ್ವಾ?

ಎರಡು ಮೋಟಾರಿಗೆ ಎರಡು ಕಂಟ್ರೋಲರ್ ಬೇಕು, ಥ್ರಾಟಲ್ (ಆಕ್ಸಲರೇಟರ್) ಒಂದೇ ಸಾಕು. ಥ್ರಾಟಲ್‌ಗೆ 5 ವೋಲ್ಟ್ ಒಂದು ಕಂಟ್ರೋಲರಿನಿಂದ ಮಾತ್ರ ಕೊಡಿ. ಸಿಗ್ನಲ್ ವೈರ್ ಎರಡಕ್ಕೂ ಹೋಗಲಿ, ಗ್ರೌಂಡ್ ಎರಡಕ್ಕೂ ಸೇರಿರಲಿ.

ಒಂದು ಕಡೆ ಮಾತ್ರ ಎಚ್ಚರ. ಸ್ಕೂಟರಿನ ಹಬ್ ಮೋಟಾರಿನ ಆ್ಯಕ್ಸಲ್ ಎರಡೂ ಬದಿ ಹಿಡಿಯಲೆಂದೇ ಇರುವುದು. ನಾನು ಮೊದಲು ಒಂದೇ ಬದಿ ನಟ್ ಹಾಕಿ ಬಿಗಿದಿದ್ದೆ. ಮೂರನೇ ದಿನ ಥ್ರಾಟಲ್ ಜೋರಾಗಿ ಕೊಟ್ಟಾಗ ಆ್ಯಕ್ಸಲ್ ಸೀಳಿನೊಳಗೇ ತಿರುಗಿತು. ಒಳಗಿನಿಂದ ಬರುವ ವೈರುಗಳನ್ನು ಹಗ್ಗ ಹೊಸೆದ ಹಾಗೆ ಹೊಸೆದು ಕಿತ್ತು ಹಾಕಿತು. ಈಗ ಎರಡೂ ಬದಿ 8 ಮಿ.ಮೀ. ಪ್ಲೇಟು, ಆ್ಯಕ್ಸಲಿನ ಚಪ್ಪಟೆ ಭಾಗವನ್ನು ಕಚ್ಚಿ ಹಿಡಿಯುವ ಟಾರ್ಕ್ ವಾಷರ್ ಇದೆ.

ಬ್ರೇಕ್ ಬಗ್ಗೆ ನೀವು ಕೇಳಲೇ ಇಲ್ಲ. ಮೋಟಾರಿನಷ್ಟೇ ಯೋಚನೆ ಅದಕ್ಕೂ ಮಾಡಿ. ಹಳೆಯ ಬೈಕಿನ ಹೈಡ್ರಾಲಿಕ್ ಡಿಸ್ಕ್ ಸಾಕು. ಪೆಡಲ್ ಒತ್ತಿದ ಕೂಡಲೇ ಮೋಟಾರಿನ ಕರೆಂಟು ಕಡಿಯುವ ಸ್ವಿಚ್ಚನ್ನು ಕಂಟ್ರೋಲರಿನ ಬ್ರೇಕ್ ವೈರಿಗೆ ಜೋಡಿಸಿ. ಕೈಗೆಟುಕುವಲ್ಲಿ ಕೆಂಪು ಗುಂಡಿಯ ಸ್ವಿಚ್ ಒಂದಿರಲಿ.

ವಿಜಯಪುರದಿಂದ:

ಬ್ಯಾಟರಿ ನನ್ನ ಪಾಲಿಗಿರಲಿ. ಲೆಡ್ ಬ್ಯಾಟರಿ ಅಗ್ಗ, ಆದರೆ ಭಾರ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ತೆಗೆದುಕೊಳ್ಳಿ. 16 ಸೆಲ್ ಸಾಲಾಗಿ ಜೋಡಿಸಿದರೆ 51.2 ವೋಲ್ಟ್, ಪೂರ್ತಿ ಚಾರ್ಜಾದಾಗ 58.4. ಕಂಟ್ರೋಲರ್ ಅಷ್ಟು ತಡೆಯುತ್ತದೆಯೇ ಅಂತ ಮೊದಲೇ ನೋಡಿ. ಬ್ಯಾಟರಿ 30 ಎಎಚ್ (ಆಂಪಿಯರ್-ಅವರ್) ಇದ್ದರೆ, ಪೂರ್ತಿ ಖಾಲಿ ಮಾಡದೆ, 1000 ವ್ಯಾಟ್ ಎಳೆಯುತ್ತಾ ಒಂದೂಕಾಲು ಗಂಟೆ ಓಡಿಸಬಹುದು. ಮಕ್ಕಳ ಆಟಕ್ಕೆ ಅದು ಜಾಸ್ತಿಯೇ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಈ ಸೆಲ್‌ಗಳನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ತಗಡಿನ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿದರೆ ಸುಲಭವಾಗಿ ಅದನ್ನು ದಾಟುತ್ತದೆ. ನಾನು ರಾತ್ರಿ ಊಟವಾದ ಮೇಲೆ, ಪಡಸಾಲೆಯಲ್ಲಿ, ನಾವೆಲ್ಲ ಎಚ್ಚರ ಇರುವಾಗಲೇ ಹಾಕುತ್ತೇನೆ. ಬೆಳತನಕ ಬಿಟ್ಟು ಮಲಗುವುದಿಲ್ಲ.

ಬ್ಯಾಟರಿಯ ಪ್ಲಸ್ ತುದಿಗೆ ಅಂಟಿಕೊಂಡಂತೆ ಫ್ಯೂಸ್ ಇರಬೇಕು. ಮನೆಯ ಮೇನ್ ಬೋರ್ಡಿನ ಎಂಸಿಬಿ (ತಾನೇ ಬೀಳುವ ಸ್ವಿಚ್) ತಂದು ಹಾಕಬೇಡಿ, ಅದು ಎಸಿ ಕರೆಂಟಿನದು. ಬ್ಯಾಟರಿಯ ಡಿಸಿ ಕರೆಂಟಿನ ಕಿಡಿ ಅದರಲ್ಲಿ ಆರದೇ ಉಳಿಯಬಹುದು. ಡಿಸಿಯದ್ದೇ ಕೇಳಿ ತನ್ನಿ. ಇನ್ನೊಂದು, ಬ್ಯಾಟರಿ ಜೋಡಿಸುವಾಗ ಚಟ್ ಅಂತ ದೊಡ್ಡ ಕಿಡಿ ಹಾರುತ್ತದೆ. ಕಂಟ್ರೋಲರಿನ ಖಾಲಿ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ) ಒಮ್ಮೆಲೇ ತುಂಬಿಕೊಳ್ಳುವುದರಿಂದ ಹಾಗಾಗುತ್ತದೆ. ನನ್ನ ಕನೆಕ್ಟರಿನ ಬಾಯಿ ಕಪ್ಪಾಗಿ, ಗುಳಿ ಗುಳಿಯಾಗಿ ಹೋಗಿತ್ತು. ಈಗ 100 ಓಮ್‌ನ ದಪ್ಪ ರೆಸಿಸ್ಟರ್ ಮೂಲಕ ಎರಡು ಸೆಕೆಂಡ್ ಮುಟ್ಟಿಸಿ, ಆಮೇಲೆ ಪೂರ್ತಿ ಜೋಡಿಸುತ್ತೇನೆ. ಕಿಡಿಯೇ ಇಲ್ಲ.

ಕೇಳಿದವರು:

ತುಂಬಾ ಉಪಕಾರವಾಯಿತು. ಚೈನ್ ಹಾಕುತ್ತೇವೆ. ಒಂದು ಸಂಶಯ. ಮೋಟಾರ್ ಒಂದು ಕಂಪನಿಯದು, ಕಂಟ್ರೋಲರ್ ಇನ್ನೊಂದರದು. ಹಳದಿ, ಹಸಿರು, ನೀಲಿ ವೈರು ಬಣ್ಣಕ್ಕೆ ಬಣ್ಣ ಕೂಡಿಸಿದರೂ ಮೋಟಾರ್ ನಡುಗುತ್ತಿದೆ, ತಿರುಗುತ್ತಿಲ್ಲ.

ಉದ್ಯಮಬಾಗದಿಂದ:

ಬಣ್ಣ ಎಲ್ಲರದೂ ಒಂದೇ ಇರುವುದಿಲ್ಲ. ಮೊದಲು ಹಾಲ್ ಸೆನ್ಸರ್ (ಮೋಟಾರ್ ಎಲ್ಲಿಗೆ ತಿರುಗಿದೆ ಅಂತ ಕಂಟ್ರೋಲರಿಗೆ ತಿಳಿಸುವುದು) ಪರೀಕ್ಷೆ ಮಾಡಿ. ಕಂಟ್ರೋಲರ್ ಆನ್ ಮಾಡಿ, ಮೋಟಾರನ್ನು ಕೈಯಲ್ಲಿ ನಿಧಾನ ತಿರುಗಿಸಿ. ಮೂರೂ ಸಣ್ಣ ವೈರಿನಲ್ಲಿ ವೋಲ್ಟೇಜ್ ಸೊನ್ನೆಗೂ ಮೇಲಕ್ಕೂ ಹಾರುತ್ತಿರಬೇಕು. ಒಂದು ಸತ್ತಿದ್ದರೆ ಎಷ್ಟು ವೈರ್ ಬದಲಿಸಿದರೂ ಸುಮ್ನೆ. ಮೂರೂ ಸರಿ ಇದ್ದರೆ ಅವನ್ನು ಮುಟ್ಟದೆ, ದಪ್ಪ ವೈರು ಮೂರನ್ನು ಮಾತ್ರ ಅದಲು ಬದಲು ಮಾಡಿ. ಆರು ಬಗೆಯ ಜೋಡಣೆ ಆಗುತ್ತವೆ. ಪ್ರತಿ ಸಲ ಬ್ಯಾಟರಿ ತೆಗೆದೇ ಬದಲಿಸಿ. ನಯವಾಗಿ, ಕಡಿಮೆ ಕರೆಂಟಿನಲ್ಲಿ ತಿರುಗುವುದು ಯಾವುದೋ ಅದೇ ಸರಿ. ತಿರುಗುತ್ತಿದೆ, ಆದರೆ ಒರಟು ಸದ್ದು, ಬೇಗ ಬಿಸಿ ಅನ್ನುವುದನ್ನು ಒಪ್ಪಬೇಡಿ. ಕಂಟ್ರೋಲರಿನಲ್ಲಿ ಸೆಲ್ಫ್-ಲರ್ನ್ ವೈರ್ ಇದ್ದರೆ ಇಷ್ಟೆಲ್ಲ ಬೇಡ. ಆ ಎರಡು ತುದಿ ಕೂಡಿಸಿದರೆ ಅದೇ ಕಂಡುಕೊಳ್ಳುತ್ತದೆ.

ಇದನ್ನೆಲ್ಲ ಹಿಂದಿನ ಚಕ್ರ ಕಲ್ಲಿನ ಮೇಲೆ ಎತ್ತಿಟ್ಟೇ ಮಾಡಿ. ಕಣದಲ್ಲಿ ಮೊದಲ ಸುತ್ತು ಹೊಡೆಯುವವರು ಹೆಲ್ಮೆಟ್ ಹಾಕಿಕೊಳ್ಳಿ, ದೊಡ್ಡಪ್ಪನವರ ದನಗಳನ್ನು ಆಚೆ ಕಟ್ಟಿಸಿ. ರಸ್ತೆಗೆ ಮಾತ್ರ ತರಬೇಡಿ, ನೋಂದಣಿ ಇಲ್ಲದ ಗಾಡಿ ಅದು. ಶನಿವಾರ ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಕೆಲಸ ಕಡಿಮೆ ಇರುತ್ತದೆ. ಆ್ಯಕ್ಸಲ್ ತಂದರೆ ಕೀ-ವೇ (ಸ್ಪ್ರಾಕೆಟ್ ಜಾರದಂತೆ ಕೀಲಿ ಕೂರುವ ಸೀಳು) ನಾನೇ ಹಾಕಿಕೊಡುತ್ತೇನೆ.