ಸಹಾಯ ಬೇಕು: ಕಡಲೆಕಾಯಿ ಪರಿಷೆಗೆ ಭಾನುವಾರವೋ, ಸೋಮವಾರ ಬೆಳಗ್ಗೆಯೋ?

ಎಲ್ಲರಿಗೂ ನಮಸ್ಕಾರ. ಕಾರ್ತಿಕದ ಕೊನೆಗೆ ಶಿವಮೊಗ್ಗದಿಂದ ಅಪ್ಪ ಅಮ್ಮ ಬೆಂಗಳೂರಿಗೆ ಬರುತ್ತಿದ್ದಾರೆ. ಶನಿವಾರ ಬಂದು ಸೋಮವಾರ ರಾತ್ರಿ ರೈಲಿಗೆ ವಾಪಸ್. ಅಪ್ಪನಿಗೆ ರಂಗಶಂಕರದಲ್ಲಿ ಒಂದು ನಾಟಕ ಬೇಕು, ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನ ಕಲಾ ಗ್ಯಾಲರಿಯಲ್ಲಿ ಚಿತ್ರಕಲೆ ನೋಡಬೇಕು. ಅಮ್ಮನಿಗೆ ಬಸವನಗುಡಿ ಪರಿಷೆ ಒಂದೇ ಸಾಕು.

ತಲೆನೋವು ಸೋಮವಾರದ್ದು. ಪರಿಷೆ ಇರುವುದೇ ಕಡೇ ಕಾರ್ತಿಕ ಸೋಮವಾರ. ಅವತ್ತು ಗ್ಯಾಲರಿಗೂ ರಜೆ, ರಂಗಶಂಕರದಲ್ಲೂ ನಾಟಕ ಇಲ್ಲ. ಹಾಗಾಗಿ ಗ್ಯಾಲರಿಯನ್ನು ಶನಿವಾರಕ್ಕೆ ಇಟ್ಟು, ಭಾನುವಾರ ಸಂಜೆ ನಾಟಕಕ್ಕೆ ಟಿಕೆಟ್ ತೆಗೆದಿದ್ದೇನೆ. ಅಲ್ಲಿ ತಡವಾಗಿ ಹೋದರೆ ಒಳಗೆ ಬಿಡಲ್ಲ (ಒಳ್ಳೆಯದೇ ಬಿಡಿ, ನಡುವೆ ಎದ್ದು ದಾರಿ ಬಿಡುವ ಕಷ್ಟ ಇಲ್ಲ).

ಅಂಗಡಿಗಳು ಶನಿವಾರ ಭಾನುವಾರವೇ ಶುರುವಾಗಿರುತ್ತವೆ, ಅವತ್ತೇ ಹೋಗಿ ಅಂತಾರೆ ಆಫೀಸಿನವರು. ವಾರದ ರಜೆ, ಜನ ಇನ್ನೂ ಜಾಸ್ತಿ, ಸೋಮವಾರ ಬೆಳಗ್ಗೆ ಬೇಗ ಹೋಗಿ ಅಂತಾರೆ ಪಕ್ಕದ ಮನೆಯವರು. ಅಮ್ಮನಿಗೆ ಮಂಡಿ ನೋವು. ಆದರೂ ದೊಡ್ಡ ಗಣಪತಿಗೂ ದೊಡ್ಡ ಬಸವನಿಗೂ ಕೈ ಮುಗಿಯಬೇಕು. ಆಮೇಲೆ ರಾಶಿಯ ಮುಂದೆ ನಿಂತು, ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು, ಚೌಕಾಸಿ ಮಾಡಿಯೇ ಸೇರಿನಲ್ಲಿ ಅಳೆಸಿಕೊಳ್ಳಬೇಕು. ಸುಮ್ನೆ ಆಟೋದಲ್ಲಿ ಕೂತು ನೋಡಿ ಬರುವವರಲ್ಲ.

ಹೋದ ವರ್ಷ ವಯಸ್ಸಾದವರನ್ನು ಕರೆದುಕೊಂಡು ಹೋದವರು ಹೇಳಿ: ಸೋಮವಾರ ಬೆಳಗ್ಗೆ ಏಳರ ಹೊತ್ತಿಗೆ ಹೋದರೆ ದರ್ಶನ ಆರಾಮಾಗಿ ಆಗುತ್ತಾ? ಬುಲ್ ಟೆಂಪಲ್ ರಸ್ತೆ ಬಂದ್ ಆದಾಗ ಆಟೋ ಯಾವ ಕಡೆಯಿಂದ ದೇವಸ್ಥಾನಕ್ಕೆ ಹತ್ತಿರ ಹೋಗುತ್ತೆ?