ಹೆದ್ದಾರಿಯಲ್ಲಿ ಸ್ಕೂಟರ್ ಸವಾರಿ: ವಿಂಡ್‌ಶೀಲ್ಡ್‌ ಎಷ್ಟು ಎತ್ತರವಿರಬೇಕು?

ಪ್ರಶ್ನೆ — ಬರೆದವರು: ಅಂತರಗಂಗೆ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಿಂದ ಹೊಸಕೋಟೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ 125 ಸಿಸಿ ಸ್ಕೂಟರ್‌ ಮೇಲೆ ಕೆಲಸಕ್ಕೆ ಹೋಗಿ ಬರುತ್ತೇನೆ. ಎದೆಗೆ ನೇರವಾಗಿ ಬಡಿಯುವ ಗಾಳಿಯನ್ನು, ಅದರಲ್ಲೂ ಧನುರ್ಮಾಸದ ಮುಂಜಾನೆಯ ಚಳಿಗಾಳಿಯನ್ನು ತಡೆಯಲೆಂದು ಸ್ಕೂಟರಿಗೆ ದೊಡ್ಡದೊಂದು ಪಾರದರ್ಶಕ ವಿಂಡ್‌ಶೀಲ್ಡ್ ಹಾಕಿಸಿದ್ದೇನೆ. ಅದು ಎರಡೂ ಕನ್ನಡಿಗಳ ಕಂಬಿಗೆ ಕ್ಲ್ಯಾಂಪಿನಿಂದ ಕೂರುವಂಥದ್ದು; ಹ್ಯಾಂಡಲ್ ತಿರುಗಿದಂತೆ ಅದೂ ತಿರುಗುತ್ತದೆ.

ಎದೆ ಮತ್ತು ಹೊಟ್ಟೆಯ ಮಟ್ಟಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ವೇಗ ಗಂಟೆಗೆ 50 ಕಿ.ಮೀ. ದಾಟಿದ ಕೂಡಲೇ ಹೆಲ್ಮೆಟ್ ಅದುರಲು ಶುರುವಾಗುತ್ತದೆ, ಕಿವಿಯ ಹತ್ತಿರ ಗುಡುಗಿನಂತಹ ಸದ್ದು ಕೇಳುತ್ತದೆ, ಅರ್ಧ ದಾರಿ ಕಳೆಯುವಷ್ಟರಲ್ಲಿ ಕತ್ತು ನೋಯುತ್ತದೆ. ವಿಂಡ್‌ಶೀಲ್ಡ್ ಇಲ್ಲದಿದ್ದಾಗ ಈ ಅದುರುವಿಕೆ ಇರಲೇ ಇಲ್ಲ. ಅದರ ಮೇಲಂಚು ಸರಿಯಾಗಿ ನನ್ನ ಕಣ್ಣಿನ ಮಟ್ಟದಲ್ಲಿ ನಿಲ್ಲುವುದರಿಂದ ಅಂಚಿನ ಮೇಲೆ ಕಾಣುವ ರಸ್ತೆಗೂ ಕೆಳಗೆ ಶೀಟಿನ ಮೂಲಕ ಕಾಣುವ ರಸ್ತೆಗೂ ಹೊಂದಿಕೆಯಾಗುವುದಿಲ್ಲ. ಉಬ್ಬುಗಳು ಎದುರಾದಾಗ ದೂರವನ್ನು ಅಂದಾಜು ಮಾಡುವುದು ಕಷ್ಟವಾಗುತ್ತಿದೆ.

ಇನ್ನೊಂದು ಸಂಗತಿ ನನಗೆ ಅರ್ಥವಾಗಿಲ್ಲ. ಈಗ ಆಷಾಢ. ಬೆಳಿಗ್ಗೆ ಹೊಸಕೋಟೆಯ ಕಡೆಗೆ ಹೋಗುವಾಗ ಈ ತೊಂದರೆ ವಿಪರೀತವಾಗಿರುತ್ತದೆ. ಸಂಜೆ ಅದೇ ವೇಗದಲ್ಲಿ ಕೋಲಾರಕ್ಕೆ ಮರಳುವಾಗ ಬಹುಮಟ್ಟಿಗೆ ಇರುವುದೇ ಇಲ್ಲ.

ನನ್ನ ಎತ್ತರ 5 ಅಡಿ 9 ಅಂಗುಲ. ಊರೊಳಗೆ ಇದೇ ಸ್ಕೂಟರನ್ನು ನನ್ನ ಪತ್ನಿಯೂ ಓಡಿಸುತ್ತಾರೆ. ಅವರ ಎತ್ತರ 5 ಅಡಿ 2 ಅಂಗುಲ. ಇನ್ನೂ ಎತ್ತರದ ವಿಂಡ್‌ಶೀಲ್ಡ್ ಕೊಳ್ಳಬೇಕೇ, ಇರುವುದನ್ನೇ ಕತ್ತರಿಸಬೇಕೇ, ಅಥವಾ ಹಿಂದಕ್ಕೆ ಓರೆ ಮಾಡಿದರೆ ಸಾಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ — ಬರೆದವರು: ಶತಶೃಂಗ

ನಿಮ್ಮ ಕೊನೆಯ ಸಂಗತಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆಲ್ಲದರ ಸುಳಿವು ಅದರಲ್ಲಿದೆ. ಕೋಲಾರದಿಂದ ನರಸಾಪುರದ ಮೇಲೆ ಹೊಸಕೋಟೆಗೆ ಹೋಗುವ ದಾರಿ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಸಾಗುತ್ತದೆ, ಆಷಾಢದ ಗಾಳಿ ಬೀಸುವುದು ಪಶ್ಚಿಮದಿಂದಲೇ. ಗಾಳಿಯ ವೇಗ ಗಂಟೆಗೆ 20 ಕಿ.ಮೀ. ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಮೀಟರಿನಲ್ಲಿ 60 ತೋರಿಸುವಾಗ ನಿಮ್ಮ ವಿಂಡ್‌ಶೀಲ್ಡಿಗೆ 80 ಕಿ.ಮೀ. ವೇಗದ ಗಾಳಿ ಬಡಿಯುತ್ತಿರುತ್ತದೆ. ಸಂಜೆ ಅದೇ 60ರಲ್ಲಿ ಬರುವಾಗ ಬಡಿಯುವುದು 40 ಕಿ.ಮೀ. ವೇಗದ ಗಾಳಿ ಮಾತ್ರ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಬೆಳಗಿನ ಒತ್ತಡ ಸಂಜೆಯದರ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಎತ್ತರವನ್ನು ನಿರ್ಧರಿಸುವಾಗ ಬೆಳಗಿನ ಸವಾರಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು; ಸಂಜೆ ಪರೀಕ್ಷಿಸಿ ಸರಿಯಾಯಿತೆಂದು ತೀರ್ಮಾನಿಸಬಾರದು.

ಈಗ ಹೆಲ್ಮೆಟ್ ಅದುರುವ ವಿಚಾರ. ವಿಂಡ್‌ಶೀಲ್ಡ್ ಗಾಳಿಯನ್ನು ಇಲ್ಲವಾಗಿಸುವುದಿಲ್ಲ, ಮೇಲಕ್ಕೂ ಪಕ್ಕಕ್ಕೂ ತಳ್ಳುತ್ತದೆ. ಅದರ ಹಿಂಬದಿಯಲ್ಲಿ ಒತ್ತಡ ಕಡಿಮೆಯಾದ ಜಾಗವೊಂದು ಉಂಟಾಗುತ್ತದೆ. ಮೇಲಂಚನ್ನು ದಾಟಿ ಬಂದ ವೇಗದ ಗಾಳಿಗೂ ಒಳಗಿನ ಈ ನಿಧಾನದ ಗಾಳಿಗೂ ನಡುವೆ ಒಂದರ ಹಿಂದೊಂದು ಸುಳಿಗಳು ಹುಟ್ಟುತ್ತವೆ. ಈ ಸುಳಿಗಳ ಪದರ ನಿಮ್ಮ ಹೆಲ್ಮೆಟ್ಟಿಗೆ ಬಡಿದರೆ ನೀವು ಹೇಳಿದ ಅದುರುವಿಕೆಯೂ ಸದ್ದೂ ಬರುತ್ತವೆ. ಕತ್ತನ್ನು ದಣಿಸುವುದು ಗಾಳಿ ಎಷ್ಟು ಬಡಿಯುತ್ತದೆ ಎಂಬುದಕ್ಕಿಂತ ಹೆಚ್ಚಾಗಿ ಅದು ಕ್ಷಣಕ್ಷಣಕ್ಕೂ ಬದಲಾಗುತ್ತಿರುವುದು. ವಿಂಡ್‌ಶೀಲ್ಡ್ ಇಲ್ಲದಿದ್ದಾಗ ಹೆಚ್ಚು ಗಾಳಿ ಬಡಿಯುತ್ತಿದ್ದರೂ ಅದು ಒಂದೇ ಸಮನಾಗಿ ಬಡಿಯುತ್ತಿತ್ತು. ಹಾಗಾಗಿ ಆಗ ನಿಮಗೆ ಈ ತೊಂದರೆ ಇರಲಿಲ್ಲ.

ಹೀಗಾಗಿ ಹೆಲ್ಮೆಟ್ ಎರಡರಲ್ಲಿ ಒಂದು ಕಡೆ ಇರಬೇಕು: ಸುಳಿಗಳ ಪದರಕ್ಕಿಂತ ಮೇಲೆ ಶುದ್ಧ ಗಾಳಿಯಲ್ಲಿ, ಇಲ್ಲವೇ ಪೂರ್ತಿ ಕೆಳಗೆ, ನಿಶ್ಚಲ ಗಾಳಿಯಲ್ಲಿ. ಎರಡನೆಯದಕ್ಕೆ ಶೀಟು ಕಣ್ಣಿಗಿಂತ ಬಹಳ ಎತ್ತರವಿರಬೇಕಾಗುತ್ತದೆ, ಮತ್ತು ಇಡೀ ರಸ್ತೆಯನ್ನು ಅದರ ಮೂಲಕವೇ ನೋಡಬೇಕಾಗುತ್ತದೆ. ಕಾರಿನಂತೆ ಇದಕ್ಕೆ ವೈಪರ್ ಇಲ್ಲ. ಮಳೆಹನಿ, ಸಂಜೆ ಕೆರೆಗಳ ಪಕ್ಕದಲ್ಲಿ ಅಂಟಿಕೊಳ್ಳುವ ಹುಳುಗಳು, ಲಾರಿಗಳು ಎಬ್ಬಿಸುವ ಧೂಳು ಇವೆಲ್ಲ ಕಣ್ಣಿನೆದುರೇ ಕೂರುತ್ತವೆ. ಹಳೆಯ ಶೀಟಿನ ಗೀರುಗಳ ಮೇಲೆ ರಾತ್ರಿ ಎದುರಿನ ವಾಹನದ ದೀಪ ಬಿದ್ದಾಗ ಬೆಳಕು ಚದುರಿ ಕ್ಷಣಕಾಲ ಏನೂ ಕಾಣುವುದಿಲ್ಲ. ಸ್ಕೂಟರಿಗೆ ನಾನು ಇದನ್ನು ಖಂಡಿತ ಹೇಳುವುದಿಲ್ಲ.

ಉಳಿದದ್ದು ಅಂಚಿನ ಮೇಲಿಂದ ನೋಡುವ ಎತ್ತರ. ಸವಾರರ ವಾಡಿಕೆಯ ಅಳತೆಯ ಪ್ರಕಾರ ಮೇಲಂಚು ಮೂಗಿಗೂ ಗಲ್ಲಕ್ಕೂ ನಡುವೆ, ಅಂದರೆ ಕಣ್ಣಿಗಿಂತ 5ರಿಂದ 10 ಸೆಂಟಿಮೀಟರ್ ಕೆಳಗಿರಬೇಕು. ಇದಕ್ಕೊಂದು ಲೆಕ್ಕವೂ ಇದೆ. ಸ್ಕೂಟರಿನ ಮೇಲೆ ಕುಳಿತಾಗ ಕಣ್ಣು ನೆಲದಿಂದ ಸುಮಾರು 145 ಸೆಂ.ಮೀ. ಎತ್ತರದಲ್ಲಿದೆ, ಅಂಚು ಕಣ್ಣಿನಿಂದ 50 ಸೆಂ.ಮೀ. ಮುಂದಿದೆ ಎಂದುಕೊಳ್ಳೋಣ. ಅಂಚು ಕಣ್ಣಿಗಿಂತ 7 ಸೆಂ.ಮೀ. ಕೆಳಗಿದ್ದರೆ ಸುಮಾರು 10 ಮೀಟರ್ ಆಚೆಗಿನ ಇಡೀ ರಸ್ತೆ ಅಂಚಿನ ಮೇಲಿಂದ ಕಾಣುತ್ತದೆ. 3 ಸೆಂ.ಮೀ. ಮಾತ್ರ ಕೆಳಗಿದ್ದರೆ 24 ಮೀಟರ್ ಆಚೆಗಿನದು ಮಾತ್ರ ಹಾಗೆ ಕಾಣುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ನೀವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತೀರಿ. ಗುಂಡಿಯನ್ನೋ ಉಬ್ಬನ್ನೋ ಕಂಡು ಬ್ರೇಕ್ ಹಿಡಿಯಬೇಕಾದ ದೂರವೆಲ್ಲ ಅಂಚಿನ ಮೇಲೇ ಕಾಣಬೇಕೆಂದರೆ 7 ಸೆಂ.ಮೀ. ಸುತ್ತಮುತ್ತ ಇರುವುದು ಒಳ್ಳೆಯದು.

ಆದರೆ ಕತ್ತರಿಸಿದ ಶೀಟು ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಮೊದಲು ಹೀಗೆ ಪರೀಕ್ಷಿಸಿ. ದಪ್ಪನೆಯ ಹೊದಿಕೆಯನ್ನು ಮಡಿಸಿ ಸೀಟಿನ ಮೇಲೆ ಜಾರದಂತೆ ಬಿಗಿಯಾಗಿ ಕಟ್ಟಿ, ಕುಳಿತಾಗ ಕಾಲು ನೆಲಕ್ಕೆ ಭದ್ರವಾಗಿ ತಾಗುವುದನ್ನು ಖಚಿತಪಡಿಸಿಕೊಂಡು, ಬೆಳಗಿನ ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಸಾಗಿ ನೋಡಿ. ನೀವು 4 ಸೆಂ.ಮೀ. ಮೇಲೇರಿದರೆ ವಿಂಡ್‌ಶೀಲ್ಡನ್ನು 4 ಸೆಂ.ಮೀ. ಕತ್ತರಿಸಿದಂತೆಯೇ. ಸದ್ದು ಇಳಿದರೆ ಎಷ್ಟು ಕತ್ತರಿಸಬೇಕೆಂಬುದು ತಿಳಿಯಿತು. ಮೇಲೇರಿದಾಗ ಸದ್ದು ಹೆಚ್ಚಾಗಿ, ಖಾಲಿ ರಸ್ತೆಯಲ್ಲಿ ಕೆಲವು ಕ್ಷಣ ತಲೆ ತಗ್ಗಿಸಿದಾಗ ಕಡಿಮೆಯಾದರೆ ಮಾತ್ರ ಎತ್ತರ ಸಾಲದೆಂದು ತಿಳಿಯಬೇಕು. ನಿಮ್ಮ ವಿವರಣೆಯನ್ನು ನೋಡಿದರೆ ಹಾಗಾಗಲಾರದು ಎಂದು ನನ್ನ ಅಂದಾಜು.

ಓರೆ ಮಾಡುವುದರಿಂದಲೂ ಸ್ವಲ್ಪ ಪ್ರಯೋಜನವಿದೆ. ನೆಟ್ಟಗಿರುವ ಶೀಟು ಗಾಳಿಯನ್ನು ಹೆಚ್ಚು ಮೇಲಕ್ಕೆ ಎಸೆಯುತ್ತದೆ, ಸುಳಿಗಳೂ ಹೆಚ್ಚು. ಹಿಂದಕ್ಕೆ ಬಾಗಿದ ಶೀಟಿನ ಮೇಲೆ ಗಾಳಿ ನಯವಾಗಿ ಹರಿಯುತ್ತದೆ, ಆದರೆ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ಕ್ಲ್ಯಾಂಪ್ ಅವಕಾಶ ಕೊಟ್ಟರೆ ಕತ್ತರಿಸುವ ಮುನ್ನ ಇದನ್ನೂ ಮಾಡಿ ನೋಡಿ.

ಉತ್ತರ — ಬರೆದವರು: ನಂಗಲಿ ದಾರಿ

ನಾನು 350 ಸಿಸಿ ಮೋಟಾರ್‌ಸೈಕಲ್ಲಿನಲ್ಲಿ ಮುಳಬಾಗಿಲಿನಿಂದ ಕೋಲಾರಕ್ಕೆ ಓಡಾಡುವವನು. ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಎರಡು ಮಾತು ಸೇರಿಸಬೇಕೆನಿಸಿತು.

ಒಂದು, ಪಕ್ಕದ ಗಾಳಿ. ಹ್ಯಾಂಡಲಿಗೆ ಕಟ್ಟಿದ ವಿಂಡ್‌ಶೀಲ್ಡ್ ತನಗೆ ಬಡಿದ ಗಾಳಿಯನ್ನೆಲ್ಲ ಮುಂದಿನ ಚಕ್ರಕ್ಕೆ ದಾಟಿಸುತ್ತದೆ. ಟೊಮೆಟೊ ತುಂಬಿದ ದೊಡ್ಡ ಲಾರಿ ನಿಮ್ಮನ್ನು ಹಿಂದಿಕ್ಕುವಾಗ ಮೊದಲು ಗಾಳಿ ನಿಮ್ಮನ್ನು ಎಡಕ್ಕೆ ತಳ್ಳುತ್ತದೆ, ಲಾರಿಯ ಮೂತಿ ದಾಟಿದ ಮೇಲೆ ಅದರತ್ತ ಸೆಳೆಯುತ್ತದೆ. ಶೀಟು ದೊಡ್ಡದಾದಷ್ಟೂ ಈ ತಳ್ಳಾಟ ಹ್ಯಾಂಡಲಿನಲ್ಲಿ ಹೆಚ್ಚು ತಿಳಿಯುತ್ತದೆ, ಮತ್ತು ಸಣ್ಣ ಚಕ್ರದ ಹಗುರ ಸ್ಕೂಟರಿನಲ್ಲಿ ಅದು ನಮ್ಮ ಭಾರದ ಗಾಡಿಗಿಂತ ತೀವ್ರವಾಗಿರುತ್ತದೆ. ಎತ್ತರವನ್ನು ಇಳಿಸಲು ಇದೂ ಒಂದು ಬಲವಾದ ಕಾರಣ. ದೇಹಕ್ಕೆ, ಅಂದರೆ ಫ್ರೇಮಿಗೆ ಕೂರಿಸುವ ವಿಂಡ್‌ಶೀಲ್ಡ್‌ಗಳಲ್ಲಿ ಈ ಕಾಟ ಕಡಿಮೆ.

ಎರಡು, ಕೆಳಗಿನ ಸಂದು. ವಿಂಡ್‌ಶೀಲ್ಡಿನ ಕೆಳ ಅಂಚು ಹೆಡ್‌ಲೈಟಿನ ಕವಚಕ್ಕೆ ಪೂರ್ತಿ ಅಂಟಿಕೊಂಡಿದ್ದರೆ ಒಳಗಿನ ಒತ್ತಡ ಇನ್ನಷ್ಟು ಕುಸಿಯುತ್ತದೆ, ಸುಳಿಗಳು ಬಲಗೊಳ್ಳುತ್ತವೆ. ಅಲ್ಲಿ ಒಂದೆರಡು ಬೆರಳು ತೂರುವಷ್ಟು ಸಂದು ಬಿಟ್ಟರೆ ಕೆಳಗಿನಿಂದ ಗಾಳಿ ನುಗ್ಗಿ ಒತ್ತಡವನ್ನು ಸರಿದೂಗಿಸುತ್ತದೆ. ಎದೆಗೆ ಸ್ವಲ್ಪ ತಂಗಾಳಿ ಬರುತ್ತದೆ ನಿಜ, ಆದರೆ ಹೆಲ್ಮೆಟ್ ಬಹಳ ಶಾಂತವಾಗುತ್ತದೆ. ಕತ್ತರಿಸದೆ, ಖರ್ಚಿಲ್ಲದೆ ಮಾಡಬಹುದಾದ ಮೊದಲ ಕೆಲಸ ಇದೇ ಎಂದು ನನ್ನ ಅಭಿಪ್ರಾಯ. ಹೊದಿಕೆಯ ಪರೀಕ್ಷೆಗೂ ಮುಂಚೆ ಇದನ್ನು ಮಾಡಿ.

ಚಳಿಗಾಲಕ್ಕೆ ಮಾತ್ರ ನನ್ನದು ಬೇರೆ ನಿಲುವು. ಡಿಸೆಂಬರ್–ಜನವರಿಯ ಬೆಳಗಿನಲ್ಲಿ ನಮ್ಮ ಕಡೆ ಮಂಜು ಕವಿದಿರುವಾಗ ಹೇಗೂ ವೇಗ 40 ದಾಟುವುದಿಲ್ಲ; ಆಗ ಸುಳಿಗಳ ಬಲ ಅಷ್ಟಿರುವುದಿಲ್ಲ. ನನ್ನ ಗಾಡಿಯಲ್ಲಿ ಎತ್ತರ ಬದಲಿಸಲು ಎರಡು ರಂಧ್ರಗಳಿರುವುದರಿಂದ ಆ ತಿಂಗಳುಗಳಲ್ಲಿ ಮೇಲಿನ ರಂಧ್ರಕ್ಕೆ ಏರಿಸಿ ಗಲ್ಲವನ್ನೂ ಬೆಚ್ಚಗಿಟ್ಟುಕೊಳ್ಳುತ್ತೇನೆ. ಆಗಲೂ ಅಂಚು ಕಣ್ಣಿನ ಕೆಳಗೇ ಇರುತ್ತದೆ, ಏಕೆಂದರೆ ಇಬ್ಬನಿ ಕೂತ ಶೀಟಿನ ಮೂಲಕ ಏನೂ ಕಾಣುವುದಿಲ್ಲ.

ಬರೆದವರು: ಅಂತರಗಂಗೆ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಕೆಳಗೆ ಸಂದು ಬಿಟ್ಟು, ಸೀಟಿನ ಮೇಲೆ ಹೊದಿಕೆ ಕಟ್ಟಿ, ಟಮಕ ದಾಟಿದ ಮೇಲಿನ ನೇರ ರಸ್ತೆಯಲ್ಲಿ ಬೆಳಿಗ್ಗೆ ಪರೀಕ್ಷಿಸಿದೆ. ಸಂದಿನಿಂದ ಸ್ವಲ್ಪ ಗುಣ ಕಂಡಿತು; ಹೊದಿಕೆಯ ಮೇಲೆ ಕುಳಿತಾಗ ಅದುರುವಿಕೆ ಸ್ಪಷ್ಟವಾಗಿ ಇಳಿಯಿತು. ಹಾಗಾಗಿ ಕತ್ತರಿಸುವುದೆಂದು ನಿಶ್ಚಯಿಸಿದ್ದೇನೆ. ಆದರೆ ನನ್ನ ಅಳತೆಗೆ ಕತ್ತರಿಸಿದರೆ ಪತ್ನಿಗೆ ಅಂಚು ಮತ್ತೆ ಕಣ್ಣಿನ ಮಟ್ಟಕ್ಕೇ ಬರಬಹುದೆಂಬ ಅಳುಕಿದೆ. ಕತ್ತರಿಸುವ ವಿಧಾನವನ್ನೂ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ — ಬರೆದವರು: ಟೇಕಲ್

ಇಂತಹ ಶೀಟುಗಳನ್ನು ಕತ್ತರಿಸಿ ಕೂರಿಸುವುದು ನನ್ನ ದಿನನಿತ್ಯದ ಕೆಲಸವಾದ್ದರಿಂದ ಹೇಳುತ್ತೇನೆ.

ಮೊದಲು ಶೀಟು ಯಾವುದೆಂದು ತಿಳಿಯಬೇಕು. ಪಾಲಿಕಾರ್ಬೊನೇಟ್ ಬಾಗುತ್ತದೆ, ಸುಲಭವಾಗಿ ಒಡೆಯುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ. ಅಕ್ರಿಲಿಕ್ ಗೀರನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಆದರೆ ಗಡುಸು. ಅವಸರ ಮಾಡಿದರೆ ಅಂಚಿನಿಂದ ಸೀಳು ಹರಿಯುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರದಿದ್ದರೆ ಅಕ್ರಿಲಿಕ್ ಎಂದೇ ಭಾವಿಸಿ ಎಚ್ಚರಿಕೆಯಿಂದ ಕೆಲಸ ಮಾಡುವುದು ಕ್ಷೇಮ.

ಅಳತೆಯನ್ನು ಗಾಡಿಯ ಮೇಲೆಯೇ ತೆಗೆಯಬೇಕು. ಸ್ಟ್ಯಾಂಡ್ ತೆಗೆದು, ಸಮತಟ್ಟಾದ ನೆಲದಲ್ಲಿ, ಹೆಲ್ಮೆಟ್ ಹಾಕಿಕೊಂಡು, ನೀವು ನಿಜವಾಗಿ ಓಡಿಸುವಾಗ ಹೇಗೆ ಕೂರುತ್ತೀರೋ ಹಾಗೆಯೇ ಕುಳಿತು, ಇನ್ನೊಬ್ಬರಿಂದ ಗುರುತು ಹಾಕಿಸಿ. ಅಂಗಡಿಯ ಮುಂದೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ದಾರಿಯಲ್ಲಿ ಒಂದಷ್ಟು ಹೊತ್ತಿನ ನಂತರ ಬೆನ್ನು ಬಾಗಿ ಕಣ್ಣು ಕೆಳಗಿಳಿಯುತ್ತದೆ. ಆ ಇಳಿದ ಕಣ್ಣಿನ ಮಟ್ಟವನ್ನೇ ಹಿಡಿಯಬೇಕು.

ಕತ್ತರಿಸುವ ಗೆರೆಯ ಎರಡೂ ಬದಿಗೆ, ಶೀಟಿನ ಎರಡೂ ಮೈಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗೆರೆಯನ್ನು ಟೇಪಿನ ಮೇಲೆಯೇ ಎಳೆಯಿರಿ. ಮೂಲ ಅಂಚಿನ ಬಾಗನ್ನು ರಟ್ಟಿನ ಮೇಲೆ ಇಳಿಸಿಕೊಂಡರೆ ಹೊಸ ಅಂಚೂ ಅದೇ ಆಕಾರಕ್ಕೆ ಬರುತ್ತದೆ. ಸಣ್ಣ ಹಲ್ಲಿನ ಬ್ಲೇಡ್ ಹಾಕಿದ ಜಿಗ್ ಸಾ ಯಂತ್ರ ಒಳ್ಳೆಯದು. ವೇಗ ಜಾಸ್ತಿಯಾದರೆ ಶೀಟು ಕರಗಿ ಬ್ಲೇಡಿನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ, ಆದ್ದರಿಂದ ನಿಧಾನವಾಗಿ ನಡೆಸಬೇಕು. ಶೀಟು ಅದುರದಂತೆ ಮರದ ಹಲಗೆಯ ಮೇಲೆ ಬಿಗಿಹಿಡಿಯಿರಿ. ಪರೀಕ್ಷೆಯಲ್ಲಿ 5 ಸೆಂ.ಮೀ. ಬಂದಿದ್ದರೆ ಮೊದಲು 3 ಕತ್ತರಿಸಿ ಓಡಿಸಿ ನೋಡಿ, ಉಳಿದದ್ದನ್ನು ಆಮೇಲೆ ತೆಗೆಯಿರಿ. ನಂತರ ಅಂಚನ್ನು ಅರದಿಂದ ಉಜ್ಜಿ, 400 ಮತ್ತು 600 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ದುಂಡಗೆ ಮಾಡಬೇಕು. ಚೂಪಾದ ಅಂಚು ನಿಮ್ಮ ಗಲ್ಲದ ಎದುರಿಗೇ ಇರುತ್ತದೆ ಎಂಬುದನ್ನು ಮರೆಯಬಾರದು.

ಕೂರಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಬ್ರೇಕಿನ ಹಿಡಿ ಅಥವಾ ಕೇಬಲ್ ಎಲ್ಲಿಯೂ ತಾಗದಿರುವುದನ್ನು ನೋಡಿ. ನಟ್ಟುಗಳ ಕೆಳಗೆ ರಬ್ಬರ್ ವಾಷರ್ ಇರಲಿ; ಅತಿಯಾಗಿ ಬಿಗಿದರೆ ರಂಧ್ರದಿಂದಲೇ ಸೀಳು ಶುರುವಾಗುತ್ತದೆ. ಪೆಟ್ರೋಲಿನಿಂದಾಗಲೀ ಅಮೋನಿಯಾ ಇರುವ ಗಾಜಿನ ಕ್ಲೀನರಿನಿಂದಾಗಲೀ ಒರೆಸಬೇಡಿ, ಶೀಟಿನಲ್ಲಿ ಕೂದಲೆಳೆಯ ಬಿರುಕುಗಳು ಮೂಡಿ ಮಬ್ಬಾಗುತ್ತದೆ. ಮೊದಲು ನೀರು ಸುರಿದು ಧೂಳನ್ನು ಇಳಿಸಿ, ಆಮೇಲೆ ಸೋಪಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಉತ್ತರ — ಬರೆದವರು: ಶತಶೃಂಗ

ನಿಮ್ಮ ಪತ್ನಿಯವರ ವಿಷಯವೊಂದು ಉಳಿದಿದೆ. ನಿಮ್ಮಿಬ್ಬರ ಎತ್ತರದ ಅಂತರ 7 ಅಂಗುಲ, ಅಂದರೆ ಸುಮಾರು 18 ಸೆಂ.ಮೀ. ಆದರೂ ಕುಳಿತಾಗ ಅದರಲ್ಲಿ ಅರ್ಧದಷ್ಟೇ, ಸುಮಾರು 9 ಸೆಂ.ಮೀ. ಉಳಿಯುತ್ತದೆ, ಮಿಕ್ಕದ್ದು ಕಾಲಿನ ಉದ್ದದ್ದು. ಆದ್ದರಿಂದ ನಿಮ್ಮ ಕಣ್ಣಿಗಿಂತ 7 ಸೆಂ.ಮೀ. ಕೆಳಗೆ ಕತ್ತರಿಸಿದರೆ ಅವರಿಗೆ ಅಂಚು ಕಣ್ಣಿಗಿಂತ ತುಸು ಮೇಲೆಯೇ ಬರುತ್ತದೆ. ನಿಮ್ಮ ಅಳುಕು ಸಕಾರಣವಾದದ್ದು.

ಒಂದೇ ಶೀಟನ್ನು ಇಬ್ಬರು ಬಳಸುವಾಗ ಕುಳ್ಳಗಿರುವವರ ಕಣ್ಣಿಗೇ ಅಳತೆ ಹಿಡಿಯಬೇಕು. ಅವರು ಊರೊಳಗೆ ಮಾತ್ರ ಓಡಿಸುವುದರಿಂದ ಸುಳಿಗಳ ತೊಂದರೆ ಅವರಿಗಿಲ್ಲ, ನೋಟ ಸ್ಪಷ್ಟವಾಗಿದ್ದರೆ ಸಾಕು. ಅವರ ಕಣ್ಣಿಗಿಂತ 5 ಸೆಂ.ಮೀ. ಕೆಳಗೆ ಕತ್ತರಿಸಿದರೆ ನಿಮಗೆ ಅಂಚು ಕಣ್ಣಿಗಿಂತ ಸುಮಾರು 14 ಸೆಂ.ಮೀ. ಕೆಳಗೆ, ಗಲ್ಲದ ಹತ್ತಿರ ಅಥವಾ ಅದಕ್ಕೂ ತುಸು ಕೆಳಗೆ ನಿಲ್ಲುತ್ತದೆ. ಎದೆಗೆ ಮರೆ ಹಾಗೆಯೇ ಇರುತ್ತದೆ, ಹೆಲ್ಮೆಟ್ಟಿಗೆ ಸುಳಿಗಳಿಗೆ ಬದಲಾಗಿ ಒಂದೇ ಸಮನಾದ ಗಾಳಿ ಬಡಿಯುತ್ತದೆ. ಹೊದಿಕೆಯ ಮೇಲೆ ಕುಳಿತಾಗ ನಿಮಗೆ ಹಿತವೆನಿಸಿದ್ದೂ ಆ ಕಡೆಗಿನ ಬದಲಾವಣೆಯೇ. ಆದರೂ ಟೇಕಲ್ ಅವರು ಹೇಳಿದಂತೆ ಎರಡು ಹಂತದಲ್ಲಿ ಕತ್ತರಿಸಿ. ಮೊದಲ ಹಂತದ ನಂತರ ಪತ್ನಿಯವರನ್ನು ಹೆಲ್ಮೆಟ್ ಸಹಿತ ಕೂರಿಸಿ, ಸುಮಾರು 15 ಮೀಟರ್ ಮುಂದೆ ನೆಲದ ಮೇಲಿಟ್ಟ ಇಟ್ಟಿಗೆಯೊಂದು ಅಂಚಿನ ಮೇಲಿಂದ ಕಾಣುತ್ತದೆಯೇ ಎಂದು ಕೇಳಿ ನೋಡಿ, ಕಾಣದಿದ್ದರೆ ಉಳಿದದ್ದನ್ನು ತೆಗೆಯಿರಿ.