ಮಗಳ ಜೊತೆ ಭಾರತ-ಸಿಂಗಪುರ ಫುಟ್‌ಬಾಲ್ ಪಂದ್ಯಕ್ಕೆ ಗೋವಾಕ್ಕೆ ಹೋಗಬಹುದಾ? ಹೋಗಿ ಬಂದವರು ಅನುಭವ ಹೇಳಿ

ಹುಬ್ಬಳ್ಳಿ ಅಪ್ಪ (ಅಕ್ಟೋಬರ್ 10, 2025)
ಮಗಳಿಗೆ 11 ವರ್ಷ. ಶಾಲೆಯ ತಂಡದಲ್ಲಿ ಗೋಲ್‌ಕೀಪರ್. ಮೇಷ್ಟ್ರುಗಳಿಗೆ ಸರ್ಕಾರದ ಸಮೀಕ್ಷೆ ಕೆಲಸ ಅಂತ ದಸರಾ ರಜೆ 18ರ ತನಕ ಮುಂದೆ ಹೋಗಿದೆ. ನಿನ್ನೆ ಸಿಂಗಪುರದಲ್ಲಿ ನಮ್ಮ ರಹೀಂ ಅಲಿ 90ನೇ ನಿಮಿಷಕ್ಕೆ ಗೋಲ್ ಹೊಡೆದು 1-1 ಮಾಡಿದ್ದೇ ತಡ, "ಅಪ್ಪಾ, ಮಂಗಳವಾರ ಗೋವಾಕ್ಕೆ ಹೋಗೋಣ" ಅಂತ ಹಟ ಹಿಡಿದಿದ್ದಾಳೆ. 14ಕ್ಕೆ ಮಡಗಾಂವ್‌ನ ಫತೋರ್ಡಾದಲ್ಲಿ ಅದೇ ಸಿಂಗಪುರದ ಮೇಲೆ ಪಂದ್ಯ. ರೈಲು, ಒಂದು ರಾತ್ರಿ ರೂಮು, ಊಟ ಸೇರಿ ಇಬ್ಬರಿಗೆ 7-8 ಸಾವಿರ ಆಗುತ್ತದೆ. ಮನೆಯವಳು, "ಸೋಲೋದನ್ನ ನೋಡಾಕ ಅಷ್ಟು ದೂರ ಯಾಕ್ರೀ, ಟಿವಿಯೊಳಗೂ ಸೋಲ್ತಾರಲ್ಲ" ಅಂತಾಳೆ. ಅರ್ಹತಾ ಸುತ್ತಿನಲ್ಲಿ ಭಾರತಕ್ಕೆ ಮೂರು ಪಂದ್ಯಕ್ಕೆ 2 ಪಾಯಿಂಟ್, ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ಏಷ್ಯಾ ಕಪ್. ಅವಳ ಮಾತಿಗೆ ಉತ್ತರ ಇಲ್ಲ. ನನಗೆ ಬೇಕಾಗಿದ್ದು ಇಷ್ಟೇ: ರಾತ್ರಿ ಪಂದ್ಯ ಮುಗಿದ ಮೇಲೆ ಮಗುವನ್ನು ಕರೆದುಕೊಂಡು ಹೊರಗೆ ಬರೋದು ಕಷ್ಟವಾ? ಯಾವ ಕಡೆ ಕೂತರೆ ಗೋಲ್‌ಕೀಪರ್ ಹತ್ತಿರದಿಂದ ಕಾಣುತ್ತಾರೆ?

ಸಾಲ್ಟ್‌ಲೇಕ್ ಯಾತ್ರಿ
ಖರ್ಚಿನ ಮಾತು ಬಂದರೆ ನನ್ನನ್ನು ಕೇಳಿ ಸರ್. 2024ರ ಮೇ 16ಕ್ಕೆ ಭಾರತದ ನಾಯಕ ಸುನಿಲ್ ಚೆಟ್ರಿ ವಿಡಿಯೊ ಹಾಕಿದರು, ಜೂನ್ 6ಕ್ಕೆ ಕೋಲ್ಕತ್ತದ ಸಾಲ್ಟ್‌ಲೇಕ್ ಸ್ಟೇಡಿಯಂನಲ್ಲಿ ದೇಶಕ್ಕಾಗಿ ಕೊನೇ ಪಂದ್ಯ ಅಂತ. ಆಫೀಸ್ ಕ್ಯಾಂಟೀನ್‌ನಲ್ಲಿ ಮೊಸರನ್ನದ ಮುಂದೆ ಕೂತು ಕಣ್ಣೊರೆಸಿಕೊಂಡು, ಅಲ್ಲೇ ವಿಮಾನದ ಟಿಕೆಟ್ ತೆಗೆದೆ. ಹೋಗಿ ಬರೋದಕ್ಕೆ 13,240. ರೂಮು ಎರಡು ರಾತ್ರಿಗೆ 4,600. ಏಸಿ ಇದೆ ಅಂದಿದ್ದರು. ಇತ್ತು, ಓಡುತ್ತಿರಲಿಲ್ಲ. 11ನೇ ನಂಬರಿನ ಜೆರ್ಸಿ 1,100, ಟ್ಯಾಕ್ಸಿಗಳಿಗೆ 1,900. ನೂಕಾಟದಲ್ಲಿ ಮೊಬೈಲ್ ಬಿದ್ದು ಗಾಜು ಒಡೆಯಿತು, ಅದಕ್ಕೆ 3,200. ಒಟ್ಟು 24,040. ಪಂದ್ಯದ ಟಿಕೆಟ್ ಸ್ನೇಹಿತ ಕೊಡಿಸಿದ, ಅದನ್ನು ಸೇರಿಸಿಲ್ಲ.
58,921 ಜನ. ಜೂನ್ ತಿಂಗಳ ಕೋಲ್ಕತ್ತ. ಕೂತಲ್ಲೇ ಪ್ಯಾಂಟ್ ಒದ್ದೆ. ಕುವೈತ್ ಜೊತೆ 0-0. ಕೊನೆಗೆ ಅವರು ಮೈದಾನ ಸುತ್ತಿ ಕೈಮುಗಿದಾಗ ಪಕ್ಕದಲ್ಲಿದ್ದ ಅಜ್ಜ ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತರು. ಅವರ ಹೆಸರೂ ಗೊತ್ತಿಲ್ಲ.
ಆಮೇಲೆ ಏನಾಯ್ತು? ಒಂಬತ್ತು ತಿಂಗಳಿಗೆ, 2025ರ ಮಾರ್ಚ್‌ನಲ್ಲಿ, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ತಲೆಯಲ್ಲಿ ಗೋಲ್ ಹೊಡೆಯುತ್ತಾ ಇದ್ದಾರೆ! ಖುಷಿಯೇ ಬಿಡಿ. ಆದರೆ ಈಗ ನಾನು ಮನೆಯಲ್ಲಿ "ಇದೇ ಕೊನೇ ಸಲ" ಅಂದರೆ ಸಾಕು, ಹೆಂಡತಿ "ಚೆಟ್ರಿ ಕೊನೇ ಸಲವಾ?" ಅಂತಾಳೆ.

ಶಾರ್ಜಾ ಮಾರಾಯ
ಅಯ್ಯೋ ಮಾರಾಯ್ರೆ, ನಿಮ್ಮದು ದುಡ್ಡು ಹೋಯಿತು ಅಷ್ಟೇ. ನಮ್ಮದು ಜೀವ ಹೋಗಿದೆ. 2019ರ ಏಷ್ಯಾ ಕಪ್. ಅಬುಧಾಬಿಯಲ್ಲಿ ಥಾಯ್ಲೆಂಡ್‌ಗೆ 4-1 ಹೊಡೆದಾಗ ನಾನು ಅಲ್ಲೇ ಇದ್ದೆ. ಚೆಟ್ರಿ ಎರಡು, ಥಾಪಾ ಒಂದು, ಜೆಜೆ ಒಂದು. ಮಲಯಾಳಿಗಳು, ನಾವು ಮಂಗಳೂರಿನವರು ಎಲ್ಲ ಒಂದೇ ಜಾತಿ ಆಗಿದ್ದೆವು ಆವತ್ತು. ಜನವರಿ 14ಕ್ಕೆ ಶಾರ್ಜಾದಲ್ಲಿ ಬಹರೇನ್. ಮುಂದಿನ ಸುತ್ತಿಗೆ ಡ್ರಾ ಸಾಕಿತ್ತು. ಅರ್ಧ ದಿನ ರಜೆ ಕೇಳಿದರೆ ಸೂಪರ್‌ವೈಸರ್ ಇಡೀ ದಿನದ ಸಂಬಳ ಕಟ್ ಅಂದ. ಆಯ್ತು ಅಂದೆ. ಪಾರ್ಕಿಂಗ್ ಸಿಗದೆ ಎಲ್ಲೋ ನಿಲ್ಲಿಸಿ ಬಂದೆ, ದಂಡ 150 ದಿರ್ಹಂ.
90 ನಿಮಿಷ ತಡೆದರು. ತಡೆದರು! ಪಕ್ಕದವ ಆಗಲೇ ಮನೆಗೆ ಫೋನ್ ಮಾಡಿ "ಗೆದ್ದ ಹಾಗೇ" ಅಂದ. 91ನೇ ನಿಮಿಷಕ್ಕೆ ಪೆನಾಲ್ಟಿ. 0-1. ಕಾರಿನ ತನಕ ನಡೆದು ಬಂದರೆ ಗಾಜಿನ ಮೇಲೆ ದಂಡದ ಚೀಟಿ. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ. ಕೋಚ್ ಕಾನ್‌ಸ್ಟಂಟೈನ್ ಅದೇ ರಾತ್ರಿ ರಾಜೀನಾಮೆ ಕೊಟ್ಟರು. ನನಗೆ ರಾಜೀನಾಮೆ ಕೊಡುವ ಅನುಕೂಲ ಇರಲಿಲ್ಲ, ಬೆಳಿಗ್ಗೆ ಆರಕ್ಕೆ ಡ್ಯೂಟಿ.

ಗೌತಮಪುರ 4ನೇ ಕ್ರಾಸ್
ಚೆಟ್ರಿ ವಿಡಿಯೊ ನೋಡಿ ಫುಟ್‌ಬಾಲ್ ಕಲಿತವರು ಬಿಲ್ ತೋರಿಸ್ತಾ ಇದ್ದೀರಿ. ಬೆಂಗಳೂರಿನ ನಮ್ಮ ಏರಿಯಾದಲ್ಲಿ ಪೆಲೆ ಪ್ರತಿಮೆ ಇದೆ ಸ್ವಾಮಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಗೋಲ್ ಹೊಡೆದ ರಾಮನ್ ಬೆಂಗಳೂರಿನವರು. ಅಹ್ಮದ್ ಖಾನ್ ಬೆಂಗಳೂರು. 1956ರ ಮೆಲ್ಬರ್ನ್‌ನಲ್ಲಿ ನಾವು ನಾಲ್ಕನೇ ಸ್ಥಾನ, ಆ ತಂಡದಲ್ಲಿ ಕೆಂಪಯ್ಯ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನ ಚಿನ್ನದ ತಂಡದಲ್ಲಿ ಅರುಮೈನಾಯಗಂ. ಈ ಹೆಸರುಗಳು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮಪ್ಪ ಕೆಲಸ ಮುಗಿಸಿ ಸೈಕಲ್‌ನಲ್ಲಿ ಸ್ಟೇಡಿಯಂಗೆ ಹೋಗಿ ನಿಂತು ನೋಡೋರು. ಖರ್ಚು ಅಂದರೆ ಒಂದು ಪೊಟ್ಟಣ ಕಡಲೆಕಾಯಿ.

ಶಾರ್ಜಾ ಮಾರಾಯ
ಗೌತಮಪುರದವರೇ, ಪೆಲೆ ಯಾವ ದೇಶದವರು? ವಿಶ್ವಕಪ್ ಬಂದರೆ ನಿಮ್ಮ ಬೀದಿಯಲ್ಲಿ ಹಾರೋದು ಯಾವ ಬಾವುಟ? ಸುಮ್ನೆ ಕೇಳಿದ್ದು.

ಗೌತಮಪುರ 4ನೇ ಕ್ರಾಸ್
ಬ್ರೆಜಿಲ್ ಬಾವುಟ ಹಾರಿಸಿದರೆ ಭಾರತ ಬೇಡ ಅಂತ ಅಲ್ಲ. 2015ರಲ್ಲಿ ಕಂಠೀರವದಲ್ಲಿ ಒಮಾನ್ ಮೇಲೆ 1-2, ಇರಾನ್ ಮೇಲೆ 0-3. ಎರಡಕ್ಕೂ ನಮ್ಮ ಬೀದಿಯಿಂದ ಆಟೊ ಮಾಡಿಕೊಂಡು ಹೋಗಿದ್ದೆವು. ನೀವು ಹೋಗಿದ್ರಾ?

ಅವಳಿ ಮಕ್ಕಳ ಅಮ್ಮ
ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲ್ಲ ಅಲ್ವಾ? ನಾನು 2023ರ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ) ಟೂರ್ನಿಗೆ ಎರಡು ಸಲ ಕಂಠೀರವಕ್ಕೆ ಹೋದೆ, 9 ವರ್ಷದ ಇಬ್ಬರು ಹುಡುಗರ ಜೊತೆ. ಪಾಕಿಸ್ತಾನದ ದಿನ ಮಳೆ. 4-0, ಚೆಟ್ರಿ ಹ್ಯಾಟ್ರಿಕ್. ಚಪ್ಪಲಿ ಒಂದು ಹೋಯಿತು. ಇನ್ನೊಂದನ್ನು ಇಟ್ಟುಕೊಂಡು ಏನು ಮಾಡಲಿ, ಅಲ್ಲೇ ಬಿಟ್ಟೆ. ಇಬ್ಬರಿಗೂ ಜ್ವರ, ಡಾಕ್ಟರ್‌ಗೆ 1,400. ಆದರೂ ಜುಲೈ 4ರ ಫೈನಲ್‌ಗೆ ಮತ್ತೆ ಹೋದೆವು. ಕುವೈತ್ ಮೇಲೆ 1-1, ಆಮೇಲೆ ಶೂಟೌಟ್. ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಕೊನೆಯದನ್ನು ತಡೆದಾಗ ದೊಡ್ಡವನು ನನ್ನ ಕೈ ಕಚ್ಚಿಬಿಟ್ಟ. ಯಾಕೋ ಅವನಿಗೂ ಗೊತ್ತಿಲ್ಲ. ಹಲ್ಲಿನ ಗುರುತು ಎರಡು ದಿನ ಇತ್ತು. ಒಂದೇ ಬೇಜಾರು, ನಡುವೆ ಆ ಓಟದ ಟ್ರ್ಯಾಕ್ ಇರೋದರಿಂದ ಆಟಗಾರರು ಇರುವೆ ಥರ ಕಾಣ್ತಾರೆ.
ಅಂದಹಾಗೆ ಹುಬ್ಬಳ್ಳಿಯವರೇ, ಮಗಳು ಅಂದಿರಿ. ನಮ್ಮ ಹೆಣ್ಣುಮಕ್ಕಳ ತಂಡ ಜುಲೈ 5ಕ್ಕೆ ಥಾಯ್ಲೆಂಡ್‌ಗೆ ಹೋಗಿ ಥಾಯ್ಲೆಂಡನ್ನೇ 2-1ರಲ್ಲಿ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದಿದೆ. ಎರಡೂ ಗೋಲು ಸಂಗೀತಾ ಬಸ್‌ಫೋರ್. ಆ ಪಂದ್ಯವನ್ನು ಇಲ್ಲಿ ಎಷ್ಟು ಗಂಡಸರು ನೋಡಿದ್ದೀರಿ, ಕೈ ಎತ್ತಿ.

ಟ್ರ್ಯಾಕ್ ತಂದೆ
ಅಮ್ಮನವರೇ, ಕಂಠೀರವದಲ್ಲಿ ಟ್ರ್ಯಾಕ್ ಅಡ್ಡ ಬಂದಿಲ್ಲ. ಫುಟ್‌ಬಾಲ್ ಅಡ್ಡ ಬಂದಿರೋದು. ನನ್ನ ಮಗ 400 ಮೀಟರ್ ಓಡ್ತಾನೆ. ಪಂದ್ಯ ಇದ್ದ ದಿನ ಬೆಳಿಗ್ಗೆ ಐದೂವರೆಗೆ ಯಲಹಂಕದಿಂದ ಬಂದು ಮುಚ್ಚಿದ ಗೇಟ್ ನೋಡಿಕೊಂಡು ವಾಪಸ್. ಪೆಟ್ರೋಲ್ ಲೆಕ್ಕ ನನ್ನ ಹತ್ತಿರವೂ ಇದೆ.

ಗೌತಮಪುರ 4ನೇ ಕ್ರಾಸ್
ಇವರು ಇಲ್ಲಿಗೆ ಯಾಕೆ ಬಂದರು?

ಲುಸೈಲ್ 22
ಎಲ್ಲರೂ ಬೈಯುತ್ತೀರಿ ಅಂತ ಗೊತ್ತು. ಆದರೂ ಹೇಳ್ತೀನಿ. ನಾನು ಸಾಲ ಮಾಡಿ 1 ಲಕ್ಷ 86 ಸಾವಿರ ಸುರಿದು 2022ರಲ್ಲಿ ಕತಾರ್‌ಗೆ ಹೋದೆ. ಕಂಟೇನರ್ ಥರದ ರೂಮು. ಚಹಾ ಕುಡಿಯುವಾಗಲೆಲ್ಲ ರಿಯಾಲ್ ಅನ್ನು 22ರಿಂದ ಗುಣಿಸಿ ಗುಣಿಸಿ ಬಾಯಾರಿಕೆಯೇ ಹೋಗುತ್ತಿತ್ತು. ಸಿಕ್ಕಿದ್ದು ಒಂದೇ ಪಂದ್ಯ: ನವೆಂಬರ್ 22, ಅರ್ಜೆಂಟೀನಾ-ಸೌದಿ. ಹೌದು, ಅದೇ. 1-2. ಸೌದಿಯವರ ಕುಣಿತ ನೋಡಿಕೊಂಡು ಮರುದಿನ ವಾಪಸ್. ಮೆಸ್ಸಿ ಕಪ್ ಎತ್ತಿದ್ದನ್ನು ದಾವಣಗೆರೆಯ ನಮ್ಮ ಹಾಲ್‌ನಲ್ಲಿ ನೋಡಿದೆ. ಸಾಲದ ಕಂತು ಮುಗಿದಿದ್ದು ಈ ಏಪ್ರಿಲ್‌ಗೆ. ಬೇಜಾರಿಲ್ಲ. ಸರ್, ದುಡ್ಡು ಹಾಕೋದಾದರೆ ದೊಡ್ಡ ಆಟಕ್ಕೆ ಹಾಕಿ.

ಸಾಲ್ಟ್‌ಲೇಕ್ ಯಾತ್ರಿ
ನಿಮ್ಮಂಥವರಿಂದಲೇ 2018ರಲ್ಲಿ ಮುಂಬೈನಲ್ಲಿ ಭಾರತ 5-0 ಗೆದ್ದಾಗ ನೋಡೋಕೆ 2,569 ಜನ ಇದ್ದರು. ಕ್ಯಾಪ್ಟನ್ ಚೆಟ್ರಿ ಕೈಮುಗಿದು "ಬೈಯೋಕಾದರೂ ಬನ್ನಿ" ಅನ್ನೋ ಹಾಗಾಯ್ತು.

ಲುಸೈಲ್ 22
ನಮ್ಮಂಥವರಿಂದ ಅಲ್ಲ, ನಮ್ಮ ಫುಟ್‌ಬಾಲ್ ಸಂಸ್ಥೆಯಿಂದ. 1950ರಲ್ಲಿ ವಿಶ್ವಕಪ್‌ಗೆ ಕರೆದಿದ್ದರೂ ಬೂಟಿಲ್ಲ ಅಂತ ಆಡೋಕೆ ಬಿಡಲಿಲ್ಲವಲ್ಲ, ಅಲ್ಲಿಂದ ಶುರು.

ಗೌತಮಪುರ 4ನೇ ಕ್ರಾಸ್
ಮತ್ತೆ ಆ ಬೂಟಿನ ಕತೆ! ಬರಿಗಾಲು ಕಾರಣ ಅಲ್ಲ. ಸಂಸ್ಥೆಯೇ ಹೋಗೋದು ಬೇಡ ಅಂತ ತೀರ್ಮಾನ ಮಾಡಿದ್ದು. ಆಗ ನಮ್ಮವರಿಗೆ ಒಲಿಂಪಿಕ್ಸ್ ದೊಡ್ಡದು, ವಿಶ್ವಕಪ್ ಲೆಕ್ಕಕ್ಕೇ ಇರಲಿಲ್ಲ. ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಆಮೇಲೆ ಹೇಳಿದ್ದಾರೆ. ದಾವಣಗೆರೆಯ ಹಾಲ್‌ನಲ್ಲಿ ಕೂತು ಇತಿಹಾಸ ಹೇಳಬೇಡಿ.

ಲುಸೈಲ್ 22
ಹಾಲ್ ವಿಷಯಕ್ಕೆ ಬರಬೇಡಿ.

ಶಾರ್ಜಾ ಮಾರಾಯ
ಇವರ ಜಗಳಕ್ಕಿಂತ ಬಹರೇನ್ ಪೆನಾಲ್ಟಿ ವಾಸಿ. ಒಂದೇ ನಿಮಿಷದಲ್ಲಿ ಮುಗಿದಿತ್ತು.

ಹುಬ್ಬಳ್ಳಿ ಅಪ್ಪ (ಅಕ್ಟೋಬರ್ 15)
ಹೋಗಿ ಬಂದೆವು. 1-2. ನಮ್ಮ ಛಾಂಗ್ಟೆ 14ನೇ ನಿಮಿಷಕ್ಕೆ ದೂರದಿಂದ ಹೊಡೆದಾಗ ಮಗಳು ಕೂತಿದ್ದ ಕುರ್ಚಿ ಮೇಲೆ ಹತ್ತಿದಳು. ಹಿಂದಿನವರು ಬೈದರು, ಆಮೇಲೆ ಅವರೂ ಹತ್ತಿದರು. ವಿರಾಮಕ್ಕೆ ಒಂದು ನಿಮಿಷ ಇದ್ದಾಗ ಸಿಂಗಪುರದ ಸೋಂಗ್ ಒಂದು, ಆಮೇಲೆ 58ಕ್ಕೆ ಇನ್ನೊಂದು. ಏಷ್ಯಾ ಕಪ್ ದಾರಿ ಮುಚ್ಚಿತು. ನಾವು ಕೂತಿದ್ದು ಗೋಲಿನ ಹಿಂದೆ. ಮಗಳು ಚೆಂಡು ನೋಡಲೇ ಇಲ್ಲ, ಪೂರ್ತಿ ಹೊತ್ತು ಕೀಪರ್ ಕಾಲನ್ನೇ ನೋಡಿದಳು. ಚೆಂಡು ಆ ಕಡೆ ಇದ್ದಾಗಲೂ ಅವರು ಹೆಜ್ಜೆ ಬದಲಿಸುತ್ತಾ ಇರ್ತಾರಂತೆ. ರೈಲಿನಲ್ಲಿ ಲೋಂಡಾ ಬರೋ ತನಕ ಬರ್ತ್ ನಡುವೆ ನಿಂತು ಅದನ್ನೇ ಮಾಡಿ ತೋರಿಸಿದಳು. ಕೆಳಗಿನ ಬರ್ತ್‌ನವರು ಲೈಟ್ ಆರಿಸಿ ಅಂದರು. ಹೊರಗೆ ಬರೋದು ಏನೂ ಕಷ್ಟ ಆಗಲಿಲ್ಲ, ಸೋತ ಮೇಲೆ ಯಾರೂ ನೂಕಲ್ಲ.
ಅಮ್ಮನವರೇ, ಈಗ ಅವಳು ಹೆಣ್ಣುಮಕ್ಕಳ ಏಷ್ಯಾ ಕಪ್ ಎಲ್ಲಿ ಅಂತ ಕೇಳ್ತಿದ್ದಾಳೆ. ಆಸ್ಟ್ರೇಲಿಯಾ ಅಂತ ಇನ್ನೂ ಹೇಳಿಲ್ಲ.

ಸಾಲ್ಟ್‌ಲೇಕ್ ಯಾತ್ರಿ
ಅದೆಲ್ಲ ಇರಲಿ, ಒಟ್ಟು ಎಷ್ಟಾಯ್ತು?

ಹುಬ್ಬಳ್ಳಿ ಅಪ್ಪ
7,960. ಮನೆಯಲ್ಲಿ 5 ಸಾವಿರ ಅಂತ ಹೇಳಿದ್ದೇನೆ.